ಮೂವತ್ತೈದನೆಯ ಪಟ್ಟಿ

ಬೆಳಿಗ್ಗೆ ಒಂಬತ್ತೂ ಕಾಲಿಗೆ ಎಮ್ರಿಸ್ ವಾದ್ಯದ ಹಿಂದಿನ ಹಲಗೆ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದ. ಮೂವತ್ತೈದನೆಯ ಟೇಪಿನ ಪಟ್ಟಿ ತುದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹರಿದಿತ್ತು. ಹೋದ ವಾರ ಕೂದಲೆಳೆಯಷ್ಟಿದ್ದ ಸೀಳು ಈಗ ಬಾಯಿ ಬಿಟ್ಟುಕೊಂಡು ಕೂತಿತ್ತು.

"ಇನ್ನೆಷ್ಟು ಸಲ ತಡೆಯುತ್ತೆ?" ಎಂದು ತಲೆ ಎತ್ತದೆ ಕೇಳಿದ.

ಸ್ಟುಡಿಯೋದ ಯಜಮಾನ, ರೆಕಾರ್ಡಿಂಗ್ ಮಾಡುವವ, ಚಹಾ ಕಾಯಿಸುವವ ಎಲ್ಲ ತಾನೇ ಆಗಿದ್ದ ಮೋಸ್ಟಿನ್ ಹೊಟ್ಟೆ ಒತ್ತರಿಸಿಕೊಂಡು ಪಕ್ಕದಲ್ಲಿ ಬಗ್ಗಿದ. "ಅರ್ಧ ಒತ್ತಿ ಬಿಟ್ರೆ ಹತ್ತು ಸಲ ಬರಬಹುದು. ಪೂರ್ತಿ ಎಳೆದೆ ಅನ್ನು, ಒಂದೇ ಸಲ. ಅದೂ ದೇವರ ಮೇಲೆ ಭಾರ ಹಾಕಿ."

"ಇನ್ನೊಂದ್ಸಲ ಅಂಟಿಸಿದ್ರೆ?"

"ಈಗಾಗ್ಲೇ ಎರಡು ಸಲ ಅಂಟಿಸಿದೀನಲ್ಲೋ ಮಾರಾಯ. ಆ ತುದೀಲಿ ಟೇಪೆಲ್ಲಿದೆ, ಬರೀ ಅಂಟೇ ಇರೋದು."

ಈ ವಾದ್ಯದ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಇವರ ಗಾಬರಿ ಯಾರಿಗೂ ಅರ್ಥವಾಗುವುದಿಲ್ಲ. ನೋಡಲು ಚರ್ಚಿನ ಸಣ್ಣ ಆರ್ಗನ್ನಿನಂತಿರುವ ಪೆಟ್ಟಿಗೆ ಅದು. ಮೂವತ್ತೈದು ಕೀ. ಒಂದೊಂದು ಕೀ ಕೆಳಗೆ ಒಂದೊಂದು ಟೇಪಿನ ಪಟ್ಟಿ, ಒಂದೊಂದು ಪಟ್ಟಿಯಲ್ಲಿ ಒಂದೊಂದು ಸ್ವರ. ಕೀ ಒತ್ತಿದರೆ ಪಟ್ಟಿ ಓಡುತ್ತದೆ, ಸ್ವರ ಕೇಳುತ್ತದೆ. ಎಂಟು ಸೆಕೆಂಡಿಗೆ ಪಟ್ಟಿ ಮುಗಿಯಿತು, ಸ್ವರವೂ ಮುಗಿಯಿತು. ಬೆರಳೆತ್ತಿದರೆ ಸ್ಪ್ರಿಂಗ್ ಅದನ್ನು ಸರ್ರನೆ ಮೊದಲಿಗೆ ಎಳೆದುಕೊಳ್ಳುತ್ತದೆ. ಪಟ್ಟಿ ತುದಿ ಮುಟ್ಟುವ ಮೊದಲೇ ಬೆರಳೆತ್ತುವುದು ನುಡಿಸುವವರ ಮೊದಲ ಪಾಠ. ಎಮ್ರಿಸನ ಬೆರಳಿಗಂತೂ ಅದು ಉಸಿರಾಡಿದಷ್ಟೇ ಸಹಜವಾಗಿ ಹೋಗಿತ್ತು. ಏಳು ಎಣಿಸುವಷ್ಟರಲ್ಲಿ ತಾನೇ ಮೇಲೇಳುತ್ತಿತ್ತು.

ಬೇರೆ ತಂಡಗಳ ಪೆಟ್ಟಿಗೆಯಲ್ಲಿ ಪಿಟೀಲೋ ಕೊಳಲೋ ಇದ್ದರೆ ಎಮ್ರಿಸ್ ನುಡಿಸುವ 'ಸೆವೆಂತ್ ಶಿಫ್ಟ್' ವಾದ್ಯತಂಡದ ಪೆಟ್ಟಿಗೆಯಲ್ಲಿ ಇದ್ದದ್ದು ಓಲ್ವೆನ್. ಎಮ್ರಿಸನ ಹೆಂಡತಿ. ಎರಡು ವರ್ಷದ ಹಿಂದೆ ಊರಿನ ಸಣ್ಣ ಚರ್ಚಾದ ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಮೂವತ್ತೈದು ಸ್ವರ ಹಾಡಿದಳು. ಕೆಮ್ಮುತ್ತಲೇ ಹಾಡಿದಳು. ಅದು ಬರಿಯ ಶೀತವಲ್ಲ, ರಕ್ತದ ಕಾಯಿಲೆ ಎಂದು ತಿಳಿಯುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಇನ್ನೆರಡು ತಿಂಗಳಿಗೆ ಅವಳೇ ಇರಲಿಲ್ಲ.

ಇನ್ನು ಮೂಲ ಟೇಪು. ಹೇಳಿದರೆ ಹೊಟ್ಟೆ ಉರಿಯುತ್ತದೆ. ಎಮ್ರಿಸ್ ಡಬ್ಬದ ಮೇಲೆ ಸ್ವರಗಳ ಹೆಸರು ಮಾತ್ರ ಬರೆದಿಟ್ಟಿದ್ದ. ಯಂತ್ರ ಸರಿಯಾಗಿದೆಯೇ ಎಂದು ನೋಡಲು ಸ್ಟುಡಿಯೋಗಳಲ್ಲಿ ಬರೀ 'ಪೀ' ಎನ್ನುವ ಟೇಪುಗಳಿರುತ್ತವೆ. ಅವುಗಳ ಮೇಲೂ ಹಾಗೆಯೇ ಬರೆದಿರುತ್ತದೆ. ಅಂಥದ್ದೇ ಒಂದು ಹಳೆಯದು ಎಂದುಕೊಂಡ ಮೋಸ್ಟಿನ್, ಹಾಕಿ ಕೇಳದೆ, ಅದರ ಮೇಲೆ ನಾಯಿ ಬಿಸ್ಕತ್ತಿನ ಜಾಹೀರಾತು ರೆಕಾರ್ಡ್ ಮಾಡಿಬಿಟ್ಟ! ಅಂದಿನಿಂದ ಅವನು ಎಮ್ರಿಸನ ಮುಖ ನೆಟ್ಟಗೆ ನೋಡಿದ್ದಿಲ್ಲ. ಹೀಗೆ ಆ ಸ್ವರಗಳಿಗೆ ಉಳಿದದ್ದು ಪೆಟ್ಟಿಗೆಯೊಳಗಿನ ಪಟ್ಟಿಗಳಷ್ಟೇ. ಕೆಳಗಿನ ಮೂವತ್ತನಾಲ್ಕರಲ್ಲಿ ಅವಳು ಹದವಾಗಿ, ಹುಷಾರಾಗಿ ಹಾಡಿದ್ದಳು. ಕೊನೆಯದೊಂದರಲ್ಲಿ ಮಾತ್ರ ಗಂಟಲು ಪೂರ್ತಿ ಬಿಟ್ಟಿದ್ದಳು. ಅದು ಓಲ್ವೆನ್. ಅದೇ ಈಗ ಹರಿಯುತ್ತಿರುವುದು.

"ಹನ್ನೆರಡಕ್ಕೆ ಕರೆಂಟು ಹೋಗುತ್ತೆ, ಗೊತ್ತು ತಾನೇ?" ಪೆಟಿಫರ್ ಒಳಗೆ ಬಂದ. ಲಂಡನ್ನಿನ ರೆಕಾರ್ಡ್ ಕಂಪನಿಯವನು. ಕೋಟು ಬಿಚ್ಚಿರಲಿಲ್ಲ, ಬಿಚ್ಚುವಂಥ ಬೆಚ್ಚಗೂ ಇರಲಿಲ್ಲ. ಕೈಯಲ್ಲಿ ಪತ್ರಿಕೆ. ಕಲ್ಲಿದ್ದಲು ಗಣಿ ಮುಷ್ಕರ ಶುರುವಾಗಿ ಆರನೆಯ ವಾರ. ಯಾವ ಊರಿಗೆ ಎಷ್ಟು ಹೊತ್ತಿಗೆ ಕತ್ತಲೆ ಎಂದು ದಿನವೂ ಅಚ್ಚಾಗುತ್ತಿತ್ತು. "ಹನ್ನೆರಡರಿಂದ ಮೂರು. ನನ್ನ ರೈಲು ಹನ್ನೆರಡೂವರೆಗೆ. ಇವತ್ತು ಟೇಪು ನನ್ನ ಚೀಲಕ್ಕೆ ಬೀಳದಿದ್ರೆ ಈ ವಸಂತದಲ್ಲಿ ನಿಮ್ಮ ಒಂದೇ ಹಾಡಿನ ಡಿಸ್ಕ್ ಇಲ್ಲ. ಡಿಸ್ಕ್ ಇಲ್ಲ ಅಂದ್ರೆ ಆಲ್ಬಮ್ಮೂ ಇಲ್ಲ."

ಇವರು ನುಡಿಸುತ್ತಿದ್ದದ್ದು ಹದಿನೆಂಟು ನಿಮಿಷದ ಕೃತಿ. ಕೆಲಸಗಾರರನ್ನು ಹೊತ್ತ ಗಣಿಯ ಪಂಜರ ಲಿಫ್ಟಿನಂತೆ ಕೆಳಗಿಳಿದು, ಇಡೀ ಪಾಳಿ ಮುಗಿದು, ಮತ್ತೆ ಮೇಲೆ ಬರುವವರೆಗಿನ ಕಥೆ. ಡೋಲು ಏಳೆಣಿಕೆಯಲ್ಲಿ ಕುಂಟುತ್ತಾ ಕುಂಟುತ್ತಾ ಇಳಿಯುತ್ತದೆ. ಒಂದು ವರ್ಷ ಊರೂರು ಅಲೆದು ವೇದಿಕೆಯ ಮೇಲೆ ನುಡಿಸಿದ್ದರು, ರೆಕಾರ್ಡ್ ಆಗಿರಲಿಲ್ಲ. ಕಂಪನಿ ಕೇಳಿದ್ದು ಕೊನೆಯ ಮೂರೂವರೆ ನಿಮಿಷ ಮಾತ್ರ: ಪಂಜರ ಮೇಲೇರುವಾಗ ಓಲ್ವೆನ್ನಳ ದನಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ತುಟ್ಟತುದಿಯ ಸ್ವರಕ್ಕೆ ಬಂದು ನಿಲ್ಲುವ ಭಾಗ. ಆ ಸ್ವರವಿಲ್ಲದಿದ್ದರೆ ಪಂಜರ ಅರ್ಧ ದಾರಿಯಲ್ಲೇ ನೇತಾಡಿದಂತೆ.

ಮೊದಲ ಪ್ರಯತ್ನದಲ್ಲಿ ಎಮ್ರಿಸ್ ಹೆದರಿ ನಾಲ್ಕೇ ಸೆಕೆಂಡಿಗೆ ಬೆರಳೆತ್ತಿದ. ಎರಡನೆಯದರಲ್ಲಿ ಡೋಲಿನ ಬ್ಲೆದಿನ್ ಎಣಿಕೆ ತಪ್ಪಿದ. ಮೂರನೆಯದು ಚೆನ್ನಾಗಿಯೇ ಬಂತು, ಐದು ಸೆಕೆಂಡು ಹಿಡಿದ. ಮೋಸ್ಟಿನ್ ಅದನ್ನು ತಿರುಗಿಸಿ ಕೇಳಿಸುತ್ತಿದ್ದಾಗ ಬಾಗಿಲು ಧಡಾರೆಂದು ತೆರೆಯಿತು.

ಇಸ್ಲ್ವಿನ್ ನಿಂತಿದ್ದ. ಓಲ್ವೆನ್ನಳ ತಂದೆ. ನಲವತ್ತೈದು ವರ್ಷ ಕಲ್ಲಿದ್ದಲು ಕಡಿದವನು, ಮೂವತ್ತು ವರ್ಷ ಚಾಪೆಲ್ಲಿನ ಹಾಡುಗಾರರ ಮುಂದಾಳು. ವಿದ್ಯುತ್ ಕೇಂದ್ರದ ಗೇಟಿನಲ್ಲಿ ಕಲ್ಲಿದ್ದಲ ಲಾರಿ ತಡೆಯುತ್ತಾ ಬೆಳಗಿನ ಜಾವದಿಂದ ನಿಂತವನು ನೆಟ್ಟಗೆ ಇಲ್ಲಿಗೇ ಬಂದಿದ್ದ. ಮೂಗಿನ ತುದಿ ಕೆಂಪಾಗಿತ್ತು, ಕಣ್ಣು ಅದಕ್ಕಿಂತ ಕೆಂಪಾಗಿತ್ತು. ಮಗಳ ಮಣ್ಣಿನ ದಿನದಿಂದ ಅಳಿಯನೊಂದಿಗೆ ಮಾತು ಬಿಟ್ಟಿದ್ದ.

"ಎಲ್ಲಿ ಇಟ್ಟಿದೀಯ ಅವಳನ್ನ?" ಎಂದ.

"ಮಾವ, ಬನ್ನಿ, ಕೂತ್ಕೊಳ್ಳಿ..."

"ಕೂರೋಕೆ ಬಂದಿಲ್ಲ. ನನ್ನ ಮಗಳ ದನಿ ಪೆಟ್ಟಿಗೇಲಿಟ್ಕೊಂಡು ಊರೂರು ತಿರುಗ್ತಿದೀಯಂತೆ! ಚಾಪೆಲ್ಲಲ್ಲಿ ಯಾರೋ ಹೆಂಗಸು ಹೇಳಿ ನನಗೆ ಗೊತ್ತಾಗಬೇಕಾ? ಜ್ವರ ಬಂದವಳನ್ನ ಆ ಶೀತದ ಕೋಣೇಲಿ ನಿಲ್ಲಿಸಿ ಹಾಡ್ಸಿದ್ದು ಸಾಲ್ದು ಅಂತ, ಈಗ ಅಂಗಡೀಲಿ ಮಾರೋಕೆ ಇಡ್ತೀಯಾ? ಬಿಚ್ಚು. ಎಲ್ಲಾನೂ ಬಿಚ್ಚಿ ಕೈಗೆ ಕೊಡು. ಮನೆಗೆ ತಗೊಂಡು ಹೋಗ್ತೀನಿ."

ಗಿಟಾರಿನ ಟ್ರೆವರ್ ನೆಲ ನೋಡಿದ. ಹೇಳಿದ ಹೆಂಗಸು ಅವನ ತಾಯಿಯೇ. ಪೆಟಿಫರ್ ಗಡಿಯಾರ ನೋಡಿದ. ಹನ್ನೊಂದಕ್ಕೆ ಐದು ನಿಮಿಷ.

"ರೀ ಯಜಮಾನ್ರೇ," ಎಂದ ಅವನು, "ನಾವಿಲ್ಲಿ ಅವಸರದಲ್ಲಿದೀವಿ. ಅದಕ್ಕೂ ನಿಮ್ಮ ಮುಷ್ಕರದೋರೇ ಕಾರಣ."

"ನೀನ್ಯಾರಪ್ಪ? ನಿನ್ನ ಬೂಟು ನೋಡಿದ್ರೇ ಗೊತ್ತಾಗುತ್ತೆ, ನೀನು ಈ ಕಣಿವೆಯೋನಲ್ಲ. ಬಾಯ್ಮುಚ್ಕೊಂಡು ಕೂತ್ಕೋ."

ಪೆಟಿಫರ್ ಕೂತ. ಎಮ್ರಿಸ್ ಟಾರ್ಚನ್ನು ಪೆಟ್ಟಿಗೆಯ ಮೇಲಿಟ್ಟ. ಮಾವ ಹೇಳಿದ್ದರಲ್ಲಿ ಸುಳ್ಳೇನಿತ್ತು? ಅವಳು ಹಾಡಿದ್ದು ನಿಜ, ಕೋಣೆ ಶೀತವಿದ್ದದ್ದು ನಿಜ, ಇನ್ನೊಂದು, ಇನ್ನೊಂದೇ ಒಂದು ಎಂದು ಇವನು ಹೇಳುತ್ತಾ ಹೋದದ್ದೂ ನಿಜ. ಕಾಯಿಲೆಗೂ ಹಾಡಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಅವನ ಮನಸ್ಸು ಡಾಕ್ಟರ ಮಾತು ಕೇಳಬೇಕಲ್ಲ!

"ಒಂದ್ಸಲ ಕೇಳಿ ಮಾವ," ಎಂದ. "ಕೇಳಿದ್ಮೇಲೂ ಬಿಚ್ಚು ಅಂದ್ರೆ ಬಿಚ್ಚಿಕೊಡ್ತೀನಿ."

ಮೋಸ್ಟಿನ್ ಯಾರ ಅಪ್ಪಣೆಗೂ ಕಾಯದೆ ಟೇಪು ಹಾಕಿದ.

ಇಸ್ಲ್ವಿನ್ ಬಾಗಿಲಿಗೆ ಒರಗಿ ನಿಂತೇ ಕೇಳಿದ. ಏಳೆಣಿಕೆ ಶುರುವಾದಾಗ ಹುಬ್ಬು ಗಂಟಿಕ್ಕಿದ. ಆಮೇಲೆ, ಪಂಜರದ ಕುಲುಕಾಟ ಗುರುತು ಸಿಕ್ಕಿತೋ ಏನೋ, ಬೂಟಿನ ತುದಿ ತಾನಾಗಿ ಅಲ್ಲಾಡಿತು. ದನಿ ಒಂದೊಂದೇ ಮೆಟ್ಟಿಲು ಹತ್ತತೊಡಗಿದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ತುದಿಯ ಸ್ವರ ಬಂತು, ಐದು ಸೆಕೆಂಡಿಗೆ ತಟ್ಟನೆ ಕಡಿಯಿತು.

ಮುದುಕ ಅಳುತ್ತಾನೆ ಎಂದು ಎಲ್ಲರೂ ಅಂದುಕೊಂಡಿದ್ದರು. ಮುದುಕ ಕೆಂಡವಾದ!

"ಇದೇನಿದು? ಕತ್ತು ಹಿಚುಕಿದ ಹಾಗೆ! ನನ್ನ ಮಗಳು ಸ್ವರ ಮುಗಿಸದೆ ಬಿಡೋಳಾ? ಆರು ವರ್ಷದವಳಿದ್ದಾಗಿಂದ ಅವಳನ್ನ ಮುಂದಿನ ಬೆಂಚಿನ ಮೇಲೆ ನಿಲ್ಲಿಸಿ, ಅವಳು ಹಿಡಿದ ಸ್ವರಕ್ಕೆ ಅರವತ್ತು ಜನ ಗಂಡಸರ ದನಿ ಕೂಡಿಸ್ತಿದ್ದೆ ನಾನು. ನಾನು ಸಾಕು ಅನ್ನೋವರೆಗೂ ಬೆಂಚಿಂದ ಇಳೀತಿರಲಿಲ್ಲ. ಅಂಥವಳನ್ನ ನೀನು ಅರ್ಧಕ್ಕೆ ಕತ್ತರಿಸ್ತೀಯಾ?" ಎಂದವನು ಜೇಬಿನಿಂದ ಸ್ವರ ನೋಡುವ ಉಕ್ಕಿನ ಶ್ರುತಿಕವೆ ತೆಗೆದು ಮೊಣಕೈಗೆ ಬಡಿದು ಕಿವಿಗೆ ಹಿಡಿದ. "ಅದೂ ಸಾಲ್ದು ಅಂತ ಶ್ರುತಿ ಇಳಿದಿದೆ. ನನ್ನ ಮಗಳು ಜನ್ಮದಲ್ಲಿ ಶ್ರುತಿ ಇಳಿದೋಳಲ್ಲ."

ಮೋಸ್ಟಿನ್ ಗೋಡೆಯ ಮೇಲಿನ ಮೀಟರು ನೋಡಿ ತಲೆ ಕೆರೆದುಕೊಂಡ. "ಸರಿಯಾಗೇ ಹೇಳಿದೆ ಇಸ್ಲ್ವಿನ್. ಕರೆಂಟು ಸೋತಿದೆ. ಮೋಟಾರು ನಿಧಾನ ತಿರುಗ್ತಿದೆ, ಅದಕ್ಕೇ ಇಳಿದಿದೆ. ನೀವು ಗೇಟಲ್ಲಿ ಲಾರಿ ನಿಲ್ಲಿಸ್ತಾ ಇದೀರಿ, ಇಲ್ಲಿ ನಿನ್ನ ಮಗಳು ಇಳೀತಾ ಇದಾಳೆ. ಯಾರನ್ನ ಬೈತೀಯೋ ಬೈಯಿ."

ಇಸ್ಲ್ವಿನ್ ಶ್ರುತಿಕವೆಯನ್ನು ಜೇಬಿಗೆ ಹಾಕಿದ. "ಅವಳನ್ನ ಎತ್ತೋಕಾಗಲ್ಲ ಅಂದ್ರೆ ನೀವು ಇಳೀರಿ," ಎಂದ ಗಿಟಾರಿನವನಿಗೆ. "ತಂತಿ ಸಡಿಲ ಮಾಡೋ, ನೋಡ್ತಾ ನಿಂತಿದೀಯಲ್ಲ. ಅವಳಿಗೆ ನೀನು ಹೊಂದ್ಕೋಬೇಕು. ಅರವತ್ತು ಜನ ಹೊಂದ್ಕೋತಿದ್ರು, ನಿನಗೇನು ಧಾಡಿ?"

ಟ್ರೆವರ್ ತಂತಿ ಸಡಿಲಿಸಿದ. ಮುದುಕ ಪಕ್ಕದಲ್ಲೇ ನಿಂತು, ಕೆಳಗಿನ ಕೀಯೊಂದನ್ನು ಎಮ್ರಿಸನಿಂದ ಒತ್ತಿಸಿ ಒತ್ತಿಸಿ, ಇನ್ನೂ ಇಳಿಸು, ಅಯ್ಯೋ ಅಷ್ಟಲ್ಲ, ಎನ್ನುತ್ತಾ ಇಪ್ಪತ್ತು ನಿಮಿಷ ತೆಗೆದುಕೊಂಡ. ಆ ಡಿಸ್ಕಿನ ಜೊತೆ ಮನೆಯ ಪಿಯಾನೋ ಕೂಡಿಸಲು ಹೋದವರೆಲ್ಲ ಇವತ್ತಿಗೂ ಸೋತು ಕೈಬಿಡುವುದು ಇದಕ್ಕೇ. ಯಾವ ಪಿಯಾನೋದಲ್ಲೂ ಆ ಶ್ರುತಿ ಇಲ್ಲ.

"ಈಗ ನುಡಿಸು," ಎಂದ ಇಸ್ಲ್ವಿನ್. "ಕೊನೇದನ್ನ ಪೂರ್ತಿ ಹಿಡಿ. ಅವಳು ಮುಗಿಸೋವರೆಗೂ ಕೈ ಎತ್ತಬೇಡ."

ಎಮ್ರಿಸ್ ಹಿಂದಿನ ಹಲಗೆ ತೆಗೆದು ಟಾರ್ಚ್ ಬಿಟ್ಟು ತೋರಿಸಿದ. "ನೋಡಿ ಮಾವ. ಪೂರ್ತಿ ಹಿಡಿದ್ರೆ ಕಿತ್ತು ಹೋಗುತ್ತೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ನೀವು ಹೇಳಿದ ಹಾಗೆ ಬಿಚ್ಚಿ ಮನೆಗೆ ತಗೊಂಡು ಹೋಗಿ ಅಂದ್ರೂ ನಾನು ತಯಾರಿದೀನಿ. ಐದು ಸೆಕೆಂಡಿನದು ಹೇಗೂ ಇದೆ, ಇವರು ಅದನ್ನೇ ಒಯ್ಯಲಿ."

ಅವನು ಮನಸಾರೆ ಹೇಳಿದ್ದ. ಆ ಕ್ಷಣಕ್ಕೆ ಅವನಿಗೆ ಡಿಸ್ಕೂ ಬೇಕಿರಲಿಲ್ಲ, ಆಲ್ಬಮ್ಮೂ ಬೇಕಿರಲಿಲ್ಲ. ಆ ಕಂದು ಪಟ್ಟಿ ಕಿತ್ತು ಹೋಗುವುದನ್ನು ತನ್ನ ಬೆರಳಿನಿಂದಲೇ ಮಾಡಬೇಕಲ್ಲ ಎಂಬ ಭಯ ಒಂದೇ ಇತ್ತು.

ಇಸ್ಲ್ವಿನ್ ಸೀಳನ್ನು ದಿಟ್ಟಿಸಿ ನೋಡಿದ. ಗಣಿಯಲ್ಲಿ ಮೇಲಿನ ಕಲ್ಲು ನಿಲ್ಲುತ್ತದೋ ಬೀಳುತ್ತದೋ ಎಂದು ನೋಡಿ ನೋಡಿ ಪಳಗಿದ ಕಣ್ಣು. "ಬೀಳುತ್ತೆ," ಎಂದ. ಆಮೇಲೆ ಮೆಲ್ಲಗೆ, "ಪೂರ್ತಿ ನೀನಾದ್ರೂ ಕೇಳಿದೀಯಾ?"

"ಇಲ್ಲ. ಯಾವಾಗ್ಲೂ ಏಳಕ್ಕೆ ಬಿಟ್ಟುಬಿಡ್ತೀನಿ."

"ನಾನು ಮನೇಲಿ ಇದನ್ನ ಇಟ್ಕೊಂಡು ಏನು ಮಾಡ್ಲಿ? ಚಹಾ ಡಬ್ಬೀಲಿ ಹಾಕಿ ಮುಚ್ಚಿದ್ರೆ ಅದು ಬರೀ ರಿಬ್ಬನ್ನು." ಟೋಪಿಯನ್ನು ಪೆಟ್ಟಿಗೆಯ ಮೇಲಿಟ್ಟ. "ಒಂದ್ಸಲ ಪೂರ್ತಿ ಹಾಡ್ಲಿ. ನುಡಿಸು."

ಹನ್ನೊಂದೂ ಮುಕ್ಕಾಲು. ಮುದುಕ ಹೊರಗೆ ಹೋಗಲು ಒಪ್ಪಲಿಲ್ಲ. ವಾದ್ಯದ ಪಕ್ಕದಲ್ಲೇ ಡೋಲಿನ ಮೈಕುಗಳ ನಡುವೆ ನಿಂತ. ಕೆಮ್ಮಬೇಡ, ಕಾಲು ಅಲ್ಲಾಡಿಸಬೇಡ ಎಂದು ಮೋಸ್ಟಿನ್ ಗಾಜಿನಾಚೆಯಿಂದ ಹೇಳಿದ್ದಕ್ಕೆ, "ನನಗೆ ಹೇಳ್ಕೊಡ್ತಾನೆ," ಎಂದು ಮೂಗು ಮುರಿದ.

ಕೆಂಪು ದೀಪ ಹತ್ತಿತು. ಬ್ಲೆದಿನ್ ಏಳೆಣಿಕೆ ಶುರು ಮಾಡಿದ. ಕೆಳಗಿನಿಂದ ಒಂದೊಂದೇ ಓಲ್ವೆನ್, ಒಂದೊಂದೇ ಓಲ್ವೆನ್. ಎರಡು ನಿಮಿಷ. ಮೂರು. ಗಾಜಿನಾಚೆ ಮೋಸ್ಟಿನ್ ಮೀಟರಿನ ಮುಳ್ಳನ್ನು ನೋಡುತ್ತಾ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದ, ಮುಳ್ಳು ನಡುಗತೊಡಗಿತ್ತು. ಗಿಟಾರ್ ನಿಂತಿತು, ಡೋಲು ನಿಂತಿತು. ಎಮ್ರಿಸ್ ಮೂವತ್ತೈದನೆಯ ಕೀ ಒತ್ತಿದ.

ಸ್ವರ ಎದ್ದು ನಿಂತಿತು. ಮೂರು. ನಾಲ್ಕು. ಐದು. ಒಳಗಿನಿಂದ ಚರ್ರ್ ಎಂದು ಸಣ್ಣ ಸದ್ದು. ಆರು. ಏಳು. ಬೆರಳು ತಾನಾಗಿ ಮೇಲೇಳಹೊರಟಿತು; ಎಡಗೈಯಿಂದ ಅದನ್ನು ಕೀ ಮೇಲೆ ಅದುಮಿ ಹಿಡಿದ. ಓಲ್ವೆನ್ ತನ್ನ ಸ್ವರವನ್ನು ಮೆಲ್ಲಗೆ ಸಣ್ಣದು ಮಾಡಿಕೊಂಡಳು, ಮುಗಿಸಿದಳು, ಬಾಯಿ ಮುಚ್ಚಿದಳು. ಸೋತ ಕರೆಂಟಿನಲ್ಲಿ ಪಟ್ಟಿ ಇನ್ನೂ ತೆವಳುತ್ತಾ ಓಡುತ್ತಿತ್ತು. ಒಂದು ಉಸಿರು. ಆಮೇಲೆ, ಇಷ್ಟೇ ಇಷ್ಟು ದಣಿದ, ನಗು ಬೆರೆತ ದನಿಯಲ್ಲಿ ಅವಳು ಕೇಳಿದಳು:

"ಸಾಕಾ?"

ಪಟ್ಟಿ ಕಿತ್ತಿತು. ಅದು ಕಿತ್ತ ಸದ್ದು ಆರುವ ಮೊದಲೇ, ಮೂವತ್ತು ವರ್ಷದ ಅಭ್ಯಾಸ ಯಾರನ್ನೂ ಕೇಳುವುದಿಲ್ಲ ನೋಡಿ, ಇಸ್ಲ್ವಿನ್ ಬಾಯಿಬಿಟ್ಟು ಹೇಳಿಬಿಟ್ಟ:

"ಸಾಕು ಮಗಳೇ, ಸಾಕು."

ದೀಪ ಆರಿತು. ಯಂತ್ರಗಳೆಲ್ಲ ಗೊರ್ರೆಂದು ನಿಂತುಹೋದವು. ವೇಳಾಪಟ್ಟಿಗಿಂತ ಹತ್ತು ನಿಮಿಷ ಮೊದಲೇ.

ಕಿಟಕಿಯಿಲ್ಲದ ಆ ಕೋಣೆಯಲ್ಲಿ ಯಾರ ಮುಖವೂ ಯಾರಿಗೂ ಕಾಣಲಿಲ್ಲ, ಅದು ಒಳ್ಳೆಯದೇ ಆಯಿತು. ಎಮ್ರಿಸ್ ಬಿಕ್ಕಿ ಬಿಕ್ಕಿ ಅತ್ತ. ಅವತ್ತು ಅವಳು ಕೇಳಿದ್ದು ತನ್ನನ್ನು. ತಾನು ಕಿವಿಯ ಮೇಲಿನ ಹೆಡ್‌ಫೋನು ತೆಗೆಯುತ್ತಾ, ಟೇಪು ಸುತ್ತುತ್ತಾ, ಉತ್ತರವನ್ನೇ ಕೊಟ್ಟಿರಲಿಲ್ಲ. ಕತ್ತಲಲ್ಲಿ ಒರಟು ಕೈಯೊಂದು ಅವನ ಹೆಗಲು ಹುಡುಕಿ ಹಿಡಿಯಿತು, ಬಿಡಲಿಲ್ಲ.

"ರೆಕಾರ್ಡ್ ಆಯ್ತಾ?" ಪೆಟಿಫರನ ದನಿ.

"ಕರೆಂಟು ಬಂದ್ಮೇಲೆ ಗೊತ್ತಾಗುತ್ತೆ," ಎಂದ ಮೋಸ್ಟಿನ್. "ಆಗಿದ್ರೆ ಆಗಿದೆ. ಇಲ್ಲಾಂದ್ರೆ ಇಲ್ಲ."

ಮೂರು ತಾಸು! ಹಿತ್ತಲಿನ ಕಲ್ಲು ಕಟ್ಟೆಯ ಮೇಲೆ ಐದಾರು ಗಂಡಸರು ಕೋಟು ಹೊದ್ದು ಕೂತರು. ಗ್ಯಾಸಿನ ಮೇಲೆ ಮೋಸ್ಟಿನ್ ಚಹಾ ಕಾಯಿಸಿದ, ರೊಟ್ಟಿಗೆ ಮಾಂಸದ ಜಿಡ್ಡು ಸವರಿ ಕೊಟ್ಟ, ಯಾರಿಗೂ ಸೇರಲಿಲ್ಲ. ಹನ್ನೆರಡೂವರೆಯ ರೈಲು ಕಣಿವೆಯ ಕೆಳಗೆ ಕೂಗಿಕೊಂಡು ಹೋಯಿತು. ಪೆಟಿಫರ್ ಅದು ಹೋದ ದಿಕ್ಕನ್ನೇ ನೋಡಿದ, ಏಳಲಿಲ್ಲ. ಇಸ್ಲ್ವಿನ್ ಎರಡಕ್ಕೆ ಗೇಟಿಗೆ ಹೋಗಬೇಕಿತ್ತು, ಹೋಗಲಿಲ್ಲ. ಕಿತ್ತ ಪಟ್ಟಿಯ ತುಂಡನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದ. "ಹಾಡಿದ್ದು ಒಂದೇ ಸಲ ಆದ್ರೂ ಕೇಳಿದ್ವಲ್ಲ," ಎಂದು ಒಮ್ಮೆ ಹೇಳಿದ. ಹೇಳಿದವನಿಗೂ ಸಮಾಧಾನವಾದಂತೆ ಕಾಣಲಿಲ್ಲ.

ಮೂರಕ್ಕೆ ಒಳಗಿನ ದೀಪಗಳು ಮಿನುಗಿದವು. ಯಾರೂ ಓಡಲಿಲ್ಲ, ಎಲ್ಲರಿಗೂ ಭಯ. ಮೋಸ್ಟಿನ್ ಟೇಪನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸಿ, ಬಟನ್ ಒತ್ತಿದ.

ಸ್ವರ ಇತ್ತು. ಪೂರ್ತಿ ಇತ್ತು. ಉಸಿರು ಇತ್ತು. "ಸಾಕಾ?" ಕೂಡ ಇತ್ತು. ಪಟ್ಟಿ ಕಿತ್ತ ಸದ್ದು. ಅದರ ಹಿಂದೆಯೇ ಡೋಲಿನ ಮೈಕಿಗೆ ಸಿಕ್ಕ ಮುದುಕನ ದನಿ. ಆದರೆ ಕರೆಂಟು ಕೈಕೊಡುತ್ತಾ ರೆಕಾರ್ಡಿಂಗ್ ಯಂತ್ರ ಸೋಲುತ್ತಿತ್ತಲ್ಲ, ನಿಧಾನವಾಗುತ್ತಾ ಹಿಡಿದದ್ದು ಈಗ ಸರಿಯಾದ ವೇಗದಲ್ಲಿ ಓಡಿದಾಗ ದನಿ ಏರುತ್ತಾ ಬಂತು. ಮೊದಲ 'ಸಾಕು' ಅರವತ್ತೊಂದು ವರ್ಷದ, ಎದೆಯಲ್ಲಿ ಕಲ್ಲಿದ್ದಲ ಪುಡಿ ತುಂಬಿಕೊಂಡ ಇಸ್ಲ್ವಿನ್‌ನದು. 'ಮಗಳೇ' ಎನ್ನುವಷ್ಟರಲ್ಲಿ ದನಿ ತೆಳುವಾಗಿ ಮೇಲೆದ್ದಿತು. ಎರಡನೆಯ 'ಸಾಕು' ಮೂವತ್ತರ ಹರೆಯದ ಗಂಡಸೊಬ್ಬನದು.

ಇಸ್ಲ್ವಿನ್ ಯಂತ್ರದತ್ತ ಬೆರಳು ತೋರಿಸಿದ. "ಅದು ನಾನೇ," ಎಂದ. "ಅವಳು ಬೆಂಚಿನ ಮೇಲೆ ನಿಂತಿರುತ್ತಿದ್ದಾಗಿನ ನಾನು."

ಪೆಟಿಫರ್ ಚೀಲ ತೆರೆದ. "ಅದ್ಭುತ. ನಿಜವಾಗ್ಲೂ. ಆ ಕೊನೇ ಮಾತುಗಳೆರಡು ತೆಗೆದುಬಿಟ್ರೆ ರೇಡಿಯೋಗೆ ಸರಿಹೋಗುತ್ತೆ. ಮೋಸ್ಟಿನ್, ಬ್ಲೇಡು ಹಾಕಿ ಅಷ್ಟು ಕತ್ತರಿಸ್ರೀ."

ಟೇಪು ಕತ್ತರಿಸುವ ಬ್ಲೇಡು ಮೇಜಿನ ಮೇಲೆಯೇ ಇತ್ತು. ಮೋಸ್ಟಿನ್ ಅದನ್ನು ಎತ್ತಿಕೊಂಡು, ಕಾಗದದಲ್ಲಿ ಸುತ್ತಿ, ಜೇಬಿಗೆ ಹಾಕಿಕೊಂಡ. "ಒಂದ್ಸಲ ಅಳಿಸಿದೀನಿ ಸ್ವಾಮಿ," ಎಂದ ಪೆಟಿಫರನಿಗೆ, ಎರಡು ವರ್ಷದಲ್ಲಿ ಮೊದಲ ಬಾರಿಗೆ ಎಮ್ರಿಸನ ಮುಖ ನೆಟ್ಟಗೆ ನೋಡುತ್ತಾ. "ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ. ಬೇಕಾದ್ರೆ ಹೀಗೇ ಒಯ್ಯಿರಿ. ಬೇಡಾಂದ್ರೆ ಬಿಟ್ಟು ಹೋಗಿ."

ಪೆಟಿಫರ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಐದು ಮುಖದಲ್ಲೂ ಒಂದೇ ಉತ್ತರವಿತ್ತು. ಗೊಣಗಿಕೊಂಡು ಟೇಪನ್ನು ಡಬ್ಬಕ್ಕೆ ಹಾಕಲು ಕೈ ಚಾಚಿದ.

"ಒಂದ್ನಿಮಿಷ," ಎಂದ ಎಮ್ರಿಸ್. "ಮಾವ, ಇವರು ಒಯ್ಯೋ ಮುಂಚೆ ಇನ್ನೊಂದ್ಸಲ ಹಾಕ್ಸಲಾ? ಕೊನೇದು ಮಾತ್ರ?"

ಇಸ್ಲ್ವಿನ್ ಟೋಪಿ ಹಾಕಿಕೊಂಡ. ಪಟ್ಟಿಯ ತುಂಡನ್ನು ಶ್ರುತಿಕವೆಯ ಚೀಲದೊಳಗೆ ತುರುಕಿ ಜೇಬಿನಲ್ಲಿಟ್ಟ. ಅಳಿಯನ ಕೆನ್ನೆಯನ್ನು ಒರಟಾಗಿ ಒಮ್ಮೆ ತಟ್ಟಿದ.

"ಬೇಡ ಮರಿ," ಎಂದ. "ಸಾಕು ಅಂದ್ನಲ್ಲ ಅವಳಿಗೆ. ಇನ್ನು ಇಳೀಲಿ."

ಎಂದವನು ಕತ್ತಲಾಗುವ ಮುಂಚೆ ಗೇಟು ಮುಟ್ಟಬೇಕೆಂದು ಗುಡ್ಡದ ದಾರಿ ಹಿಡಿದು ಹೊರಟ.